ತೋಟದ ಉಪಾಯ ಕಾರ್ಖಾನೆ ಮುಟ್ಟುವ ದಾರಿ

ಕುಯ್ಲಿನ ಕಾಲದಲ್ಲಿ ಚಿಕ್ಕಮಗಳೂರಿನ ಯಾವುದೇ ಕಾಫಿ ತೋಟದ ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಪಕ್ಕ ಒಂದು ಗಂಟೆ ನಿಂತರೆ ಸಾಕು, ಯಂತ್ರದ ಕಷ್ಟ ಕಣ್ಣಿಗೆ ಬೀಳುತ್ತದೆ. ಹಣ್ಣುಗಳೆಲ್ಲ ಒಂದೇ ಗಾತ್ರ ಇರುವುದಿಲ್ಲ. ತಿರುಗುವ ಡ್ರಮ್ಮಿಗೂ ಎದುರಿನ ಪಟ್ಟಿಗೂ ನಡುವಿನ ಸಂದು ಹೆಚ್ಚಾದರೆ ಸಣ್ಣ ಹಣ್ಣು ಸಿಪ್ಪೆ ಸಮೇತ ಆಚೆ ಬೀಳುತ್ತದೆ; ಕಡಿಮೆಯಾದರೆ ದಪ್ಪ ಬೀಜಕ್ಕೆ ಗಾಯವಾಗುತ್ತದೆ. ಗಾಯವಾದ ಬೀಜ ಹುದುಗು ಬರುವಾಗ ಬಣ್ಣಗೆಟ್ಟು ಕಾಫಿಯ ರುಚಿಯನ್ನೂ ಕೆಡಿಸುತ್ತದೆ. ಅದಕ್ಕೇ ತೋಟದ ಕೆಲಸ ನೋಡಿಕೊಳ್ಳುವ ಅನುಭವಸ್ಥ ರೈಟರು ಆಯಾ ದಿನದ ಹಣ್ಣು ನೋಡಿ ಸಂದು ಹೊಂದಿಸುತ್ತಾರೆ, ಮೊದಲೇ ಜರಡಿ ಹಿಡಿಸುತ್ತಾರೆ, ನೀರಿನ ತೊಟ್ಟಿಯಲ್ಲಿ ತೇಲುವ ಜೊಳ್ಳನ್ನು ತೆಗೆಸುತ್ತಾರೆ. ಮೊದಲು ಬಿದ್ದ ಬೀಜವನ್ನು ಅಂಗೈಯಲ್ಲಿ ಹರವಿ ಎಷ್ಟಕ್ಕೆ ಗಾಯವಾಗಿದೆ ಎಂದು ಎಣಿಸುವವರೂ ಅವರೇ. ಈ ಕೈತಿದ್ದುಪಡಿಗಳು ಯಂತ್ರ ತಯಾರಿಸುವವರ ನಕ್ಷೆಗೆ ಸೇರುವುದು ಮಾತ್ರ ಅಪರೂಪ.

ಬಳಸುವವನ ಕಣ್ಣು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಈ ಸೀಮೆಯಲ್ಲೇ ನೂರು ವರ್ಷ ಮೀರಿದ ಸಾಕ್ಷಿ ಇದೆ. 19ನೇ ಶತಮಾನದಲ್ಲಿ ಬಿಳಿ ಕಾಂಡಕೊರಕ ಎಂಬ ಕೀಟ, ಎಲೆತುಕ್ಕು ಎಂಬ ಶಿಲೀಂಧ್ರ ರೋಗ ಸೇರಿ 'ಚಿಕ್' ಎಂಬ ಹಳೆಯ ಅರೇಬಿಕಾ ಕಾಫಿ ತಳಿಯನ್ನು ಮುಗಿಸಿದವು. ಬದಲಿಗೆ ಬಂದ 'ಕೂರ್ಗ್' ತಳಿಯೂ ತುಕ್ಕಿಗೆ ಸೋತಿತು. 1911ರಲ್ಲಿ ಮೈಸೂರು ಸೀಮೆಯ ಕೆಂಟ್ ಎಂಬ ಪ್ಲಾಂಟರ್ ತನ್ನ ತೋಟದಲ್ಲಿ ತುಕ್ಕು ತಡೆದು ನಿಂತ ಗಿಡವನ್ನು ಗುರುತಿಸಿ ಬೀಜ ಉಳಿಸಿದ. 'ಕೆಂಟ್ಸ್' ತೋಟದಿಂದ ತೋಟಕ್ಕೆ ಹಬ್ಬಿತು. ಆದರೆ ಸುಮಾರು ಹತ್ತು ವರ್ಷಗಳಲ್ಲಿ ಅದಕ್ಕೂ ತುಕ್ಕು ತಗುಲಿತು.

ಏಕೆ ಎಂಬುದು ತೋಟದಲ್ಲಿ ನಿಂತು ಹೇಳಲಾಗದ ಮಾತು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಶುರುವಾದ ಸಂಶೋಧನಾ ಕೇಂದ್ರದ ಮೇನ್ ಎಂಬ ವಿಜ್ಞಾನಿ, ತುಕ್ಕಿನ ಶಿಲೀಂಧ್ರದಲ್ಲೇ ಹಲವು ಬಗೆಗಳಿವೆ, ಒಂದನ್ನು ತಡೆದ ಗಿಡ ಇನ್ನೊಂದಕ್ಕೆ ಸೋಲಬಹುದು ಎಂದು 1930ರ ದಶಕದಲ್ಲಿ ತೋರಿಸಿದರು. ಮುಂದೆ ಲೈಬೀರಿಕಾ ಎಂಬ ಬೇರೆ ಜಾತಿಯ ಕಾಫಿಯ ಅಂಶವಿದ್ದ ಎಸ್.288 ತಳಿಯನ್ನು ಕೆಂಟ್ಸ್ ಜೊತೆ ಕೂಡಿಸಿ ಪಡೆದ ಎಸ್.795, 1940ರ ದಶಕದಲ್ಲಿ ಬೆಳೆಗಾರರ ಕೈಸೇರಿತು. ಇಂದಿಗೂ ಮಲೆನಾಡಿನ ತೋಟಗಳಲ್ಲಿದೆ. ಗಿಡ ಹುಡುಕಿದವನು ಬೆಳೆಗಾರ, ಕಾರಣ ಹುಡುಕಿದ್ದು ಪ್ರಯೋಗಾಲಯ.

ಕಂಪನಿಗಳ ಲೋಕದಲ್ಲಿ ಬಳಸುವವರ ಈ ಪಾಲನ್ನು ಲೆಕ್ಕಹಾಕಿ ತೋರಿಸಿದವರು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಎರಿಕ್ ವಾನ್ ಹಿಪೆಲ್. ನಾಲ್ಕು ಬಗೆಯ ವೈಜ್ಞಾನಿಕ ಉಪಕರಣಗಳಲ್ಲಿ ಆದ ಸುಧಾರಣೆಗಳಲ್ಲಿ ಮುಕ್ಕಾಲು ಪಾಲನ್ನು ಮೊದಲು ಮಾಡಿ ಬಳಸಿದ್ದು ಬಳಕೆದಾರರೇ ಎಂದು ಅವರು 1976ರಲ್ಲಿ ಬರೆದರು. 1986ರಲ್ಲಿ, ಎಲ್ಲರಿಗೂ ನಾಳೆ ಬರುವ ಕಷ್ಟವನ್ನು ಇಂದೇ ಅನುಭವಿಸುತ್ತಿರುವ 'ಮುಂಚೂಣಿ ಬಳಕೆದಾರ'ರನ್ನು ಹುಡುಕುವ ವಿಧಾನ ಮುಂದಿಟ್ಟರು. 1990ರ ದಶಕದಲ್ಲಿ 3ಎಂ ಕಂಪನಿಯ ತಂಡ ಶಸ್ತ್ರಚಿಕಿತ್ಸೆಯ ಸೋಂಕು ತಡೆಯುವ ಹೊಸ ದಾರಿಗಾಗಿ ಪಶುವೈದ್ಯರನ್ನೂ ನಾಟಕದ ಮೇಕಪ್ ಕಲಾವಿದರನ್ನೂ ಕೇಳಿತು: ಕೂದಲು ತುಂಬಿದ ಮೈಯಲ್ಲಿ ಸೋಂಕು ತಡೆಯುವುದು ಒಬ್ಬರಿಗೆ ಗೊತ್ತು, ಚರ್ಮಕ್ಕೆ ನೋವಾಗದಂತೆ ಅಂಟಿಸುವುದು ಇನ್ನೊಬ್ಬರಿಗೆ.

ಹಾಸನ, ಚಿಕ್ಕಮಗಳೂರಿನ ಸಣ್ಣ ಕೃಷಿಯಂತ್ರ ತಯಾರಕರಿಗೆ ಇದಕ್ಕೆ ದೊಡ್ಡ ಬಂಡವಾಳ ಬೇಡ. ಮೊದಲು ಹೋಗಬೇಕಾದದ್ದು ಊರಿನ ವೆಲ್ಡಿಂಗ್ ಶಾಪಿಗೆ. ಯಾವ ಯಂತ್ರಕ್ಕೆ ಏನು ಬೆಸುಗೆ ಹಾಕಿಸಿಕೊಂಡು ಹೋಗುತ್ತಾರೆ ಎಂಬುದು ಅಲ್ಲಿ ಗೊತ್ತಾಗುವಷ್ಟು ಯಾವ ಪ್ರಶ್ನಾವಳಿಯಿಂದಲೂ ಗೊತ್ತಾಗದು. ಒಂದೇ ತಿದ್ದುಪಡಿ ಮೂರು ನಾಲ್ಕು ತೋಟಗಳಲ್ಲಿ ಬೇರೆಬೇರೆಯಾಗಿ ಕಂಡರೆ ಅದರ ಬೆನ್ನು ಹತ್ತಬಹುದು.

ಎಡವುವುದು ಹೆಚ್ಚಾಗಿ ಪರೀಕ್ಷೆಯಲ್ಲಿ. ಕಳೆ ಕತ್ತರಿಸುವ ಯಂತ್ರವನ್ನು ಮೇಳದ ಸಮತಟ್ಟು ಮೈದಾನದಲ್ಲಿ ಓಡಿಸಿದರೆ, ಇಳಿಜಾರಿನಲ್ಲಿ ಅದರ ಭಾರ ಯಾವ ಹೆಗಲಿಗೆ ಬೀಳುತ್ತದೆ ಎಂದು ತಿಳಿಯದು. ಅರೇಬಿಕಾದಲ್ಲಿ ಸರಿಯಾದ ಪಲ್ಪರ್‌ಗೆ ಇನ್ನೊಂದು ಜಾತಿಯ ಕಾಫಿಯಾದ ರೋಬಸ್ಟಾ ಹಾಕಿದರೆ ಲೆಕ್ಕ ತಪ್ಪುತ್ತದೆ. ಅದರ ಸಿಪ್ಪೆ ಗಟ್ಟಿ, ಅಂಟೂ ಸುಲಭಕ್ಕೆ ಬಿಡದು. ಆದ್ದರಿಂದ ಎರಡೂ ಜಾತಿಯ ಕುಯ್ಲು ದಾಟಿದ ಮೇಲೆಯೇ ಯಂತ್ರ ತಯಾರಿಕೆಯ ಅಚ್ಚು ಮಾಡಿಸಬೇಕು. ದುಡ್ಡು ಕೊಡುವ ಯಜಮಾನರನ್ನು ಕೇಳಿ, ಯಂತ್ರ ಹಿಡಿಯುವ ಆಳನ್ನು ಕೇಳದೇ ಬರುವುದು ಇನ್ನೂ ದೊಡ್ಡ ತಪ್ಪು.

ಉಪಾಯ ಕೊಟ್ಟವರಿಗೆ ಏನು ಸಿಗಬೇಕು ಎಂಬುದನ್ನು ಮೊದಲೇ ಒಂದು ಪುಟದಲ್ಲಿ ಬರೆದುಕೊಳ್ಳಬೇಕು. ತಿರುಗುವ ತುಂತುರು ನೀರಾವರಿ ಕಂಡುಹಿಡಿದ ಅಮೆರಿಕದ ರೈತ ಫ್ರಾಂಕ್ ಝೈಬಾಕ್, 1952ರಲ್ಲಿ ಪೇಟೆಂಟ್ ಪಡೆದ ಮೇಲೆ ಹಕ್ಕನ್ನು ಕಂಪನಿಗೆ ಕೊಟ್ಟ. ನಮ್ಮಲ್ಲಿ ಬಹುತೇಕ ಉಪಾಯಗಳಿಗೆ ಹೆಸರೇ ಇಲ್ಲ, ಇದು ಅನ್ಯಾಯ.

ಪರೀಕ್ಷೆಗೆ ಕೊಟ್ಟ ಯಂತ್ರ ಕುಯ್ಲು ಮುಗಿದು ವಾಪಸ್ ಬಂದಾಗ ತೊಳೆಯುವ ಮೊದಲು ಫೋಟೊ ತೆಗೆಯಬೇಕು. ಎಲ್ಲಿ ತಂತಿ ಬಿಗಿದಿದ್ದಾರೆ, ಯಾವ ಹಿಡಿಗೆ ಟ್ಯೂಬಿನ ರಬ್ಬರ್ ಸುತ್ತಿದ್ದಾರೆ, ಯಾವ ಬೋಲ್ಟಿನ ತಲೆ ಸವೆದಿದೆ: ಮುಂದಿನ ನಕ್ಷೆ ಅಲ್ಲೇ ಇರುತ್ತದೆ.