ಮಿಕ್ಸಿಂಗ್ ಹೈಟ್: ಹೊಗೆ ಅಷ್ಟೇ ಇದ್ದರೂ ಚಳಿಗಾಲದಲ್ಲಿ ಗಾಳಿ ಯಾಕೆ ಕೆಡುತ್ತದೆ?

ತೋರಣಗಲ್ಲಿನಂಥ ಉಕ್ಕಿನ ಊರಿನಲ್ಲಿ ಕುಲುಮೆ ವರ್ಷವಿಡೀ ಉರಿಯುತ್ತಲೇ ಇರುತ್ತದೆ. ಆದರೂ ಮೇ ತಿಂಗಳ ಮಧ್ಯಾಹ್ನದ ಗಾಳಿಗೂ ಡಿಸೆಂಬರ್ ಬೆಳಗಿನ ಗಾಳಿಗೂ ತುಂಬಾ ವ್ಯತ್ಯಾಸ. ಇದಕ್ಕೆ ಮುಖ್ಯ ಕಾರಣ ಮಿಕ್ಸಿಂಗ್ ಹೈಟ್. ಹವಾಮಾನ ಇಲಾಖೆಯವರು ದಿನಾ ಬಳಸುವ ಈ ಮಾತು, ಕಾರ್ಖಾನೆಗಳ ಪಕ್ಕ ಬದುಕುವ ನಮಗೂ ಗೊತ್ತಿರಬೇಕು.

ಬಿಸಿಲಿಗೆ ನೆಲ ಕಾಯುತ್ತದೆ. ನೆಲಕ್ಕೆ ತಾಗಿದ ಗಾಳಿ ಬಿಸಿಯಾಗಿ ಮೇಲೇಳುತ್ತದೆ, ಮೇಲಿನ ಗಾಳಿ ಕೆಳಗಿಳಿಯುತ್ತದೆ. ಹೀಗೆ ಗಾಳಿ ಎಷ್ಟು ಎತ್ತರದವರೆಗೆ ಬೆರೆಯುತ್ತದೋ ಅದೇ ಮಿಕ್ಸಿಂಗ್ ಹೈಟ್. ಬೇಸಿಗೆಯ ಮಧ್ಯಾಹ್ನ ಇದು 2 ಕಿಲೋಮೀಟರ್ ದಾಟಬಹುದು. ಚಳಿಗಾಲದ ರಾತ್ರಿ 200 ಮೀಟರಿಗಿಂತ ಕೆಳಗೂ ಇಳಿಯಬಹುದು. ಒಂದೇ ಊದುಬತ್ತಿಯನ್ನು ಕಲ್ಯಾಣ ಮಂಟಪದಲ್ಲಿ ಹಚ್ಚುವುದಕ್ಕೂ ಪುಟ್ಟ ದೇವರ ಮನೆಯಲ್ಲಿ ಹಚ್ಚುವುದಕ್ಕೂ ಇರುವ ವ್ಯತ್ಯಾಸ ಇದು. 1500 ಮೀಟರ್ ಎತ್ತರಕ್ಕೆ ಹರಡಬೇಕಾದ ಹೊಗೆ 150 ಮೀಟರಿನೊಳಗೇ ಉಳಿದರೆ ನಾವು ಉಸಿರಾಡುವ ಗಾಳಿಯಲ್ಲಿ ಅದು 10 ಪಟ್ಟು ದಟ್ಟವಾಗುತ್ತದೆ.

ಚಳಿಗಾಲದ ರಾತ್ರಿ ಆಕಾಶ ತಿಳಿಯಾಗಿದ್ದರೆ ನೆಲ ಬೇಗ ತಣ್ಣಗಾಗುತ್ತದೆ, ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ಮೇಲಿನ ಗಾಳಿ ಮಾತ್ರ ಬೆಚ್ಚಗೇ ಇರುತ್ತದೆ. ಸಾಮಾನ್ಯವಾಗಿ ಮೇಲೆ ಹೋದ ಹಾಗೆ ಕಿಲೋಮೀಟರಿಗೆ ಸುಮಾರು 6.5 ಡಿಗ್ರಿ ತಂಪಾಗಬೇಕು. ಇಲ್ಲಿ ಎಲ್ಲ ತಿರುಗುಮುರುಗು. ಇದನ್ನೇ ಇನ್ವರ್ಷನ್ ಎನ್ನುತ್ತಾರೆ. ತಣ್ಣನೆಯ ಗಾಳಿ ಭಾರ, ಮೇಲೇಳುವುದಿಲ್ಲ. ಸಂಡೂರಿನ ಹಾಗೆ ಗುಡ್ಡಗಳ ನಡುವಿನ ಊರಾದರೆ ಇಳಿಜಾರಿನಿಂದ ಜಾರಿ ಬಂದ ತಣ್ಣನೆಯ ಗಾಳಿಯೂ ತಗ್ಗಿನಲ್ಲೇ ನಿಲ್ಲುತ್ತದೆ. ಲಾರಿಗಳ ಹೊಗೆ, ರಸ್ತೆಯ ಧೂಳು, ಕಸ ಸುಟ್ಟ ಹೊಗೆ ಎಲ್ಲಾ ಅಲ್ಲೇ ಸೇರಿಕೊಳ್ಳುತ್ತವೆ.

ಎತ್ತರದ ಚಿಮಣಿಯ ಕಥೆ ಸ್ವಲ್ಪ ಬೇರೆ. ಬೆಳಗಿನ ಜಾವ ಗಮನಿಸಿ ನೋಡಿ. ಹೊಗೆ ಸ್ವಲ್ಪ ದೂರ ನೆಟ್ಟಗೆ ಏರಿ, ಒಂದು ಮಟ್ಟಕ್ಕೆ ಬಂದ ಮೇಲೆ ಮಗ್ಗುಲಿಗೆ ತಿರುಗಿ ಉದ್ದಕ್ಕೆ ಚಪ್ಪಟೆಯಾಗಿ ಹರಡುತ್ತದೆ. ಆಗ ಕೆಳಗಿದ್ದವರಿಗೆ ಅದು ಅಷ್ಟಾಗಿ ತಾಗುವುದಿಲ್ಲ. ಬಿಸಿಲೇರಿ ನೆಲ ಕಾಯಲು ಶುರುವಾದಾಗ ಗಾಳಿ ಮೇಲೆ ಕೆಳಗೆ ಬೆರೆಯುತ್ತದಲ್ಲ, ಆಗ ಮೇಲೆ ನಿಂತಿದ್ದ ಹೊಗೆ ಒಮ್ಮೆಲೇ ನೆಲಕ್ಕೆ ಇಳಿಯುತ್ತದೆ. ಇದಕ್ಕೆ ಫ್ಯೂಮಿಗೇಶನ್ ಎಂದು ಹೆಸರು. ಮಕ್ಕಳು ಶಾಲೆಗೆ ಹೊರಡುವುದೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ.

ಇನ್ವರ್ಷನ್ ದಿನಗಟ್ಟಲೆ ಬಿಡದೆ ನಿಂತರೆ ಏನಾಗುತ್ತದೆ ಎನ್ನುವುದನ್ನು ಅಮೆರಿಕದ ಡೊನೋರಾ ಕಂಡಿದೆ. ಪೆನ್ಸಿಲ್ವೇನಿಯಾದಲ್ಲಿ ನದಿ ಕಣಿವೆಯ ಪುಟ್ಟ ಊರು ಅದು. ಉಕ್ಕು ಮತ್ತು ಸತುವಿನ ಕಾರ್ಖಾನೆಗಳೇ ಅಲ್ಲಿನ ಜೀವನ. 1948ರ ಅಕ್ಟೋಬರ್ ಕೊನೆಯ ವಾರ ಹೊಗೆ ಕಣಿವೆಯಿಂದ ಮೇಲೇಳಲೇ ಇಲ್ಲ. ಊರವರಿಗೆ ಹೊಗೆ ಹೊಸದೇನಲ್ಲ, ಹಾಗಾಗಿ ಹಬ್ಬದ ಮೆರವಣಿಗೆಯೂ ನಡೆಯಿತು, ಫುಟ್‌ಬಾಲ್ ಪಂದ್ಯವೂ ನಡೆಯಿತು. ಮಳೆ ಬಂದು ಗಾಳಿ ತಿಳಿಯಾಗುವಷ್ಟರಲ್ಲಿ 20 ಜನ ಸತ್ತಿದ್ದರು. ಸುಮಾರು 14,000 ಜನರ ಊರಿನಲ್ಲಿ ಸಾವಿರಾರು ಜನರಿಗೆ ಆರೋಗ್ಯ ಕೆಟ್ಟಿತ್ತು. ಹೊಗೆ ಅಭ್ಯಾಸವಾಗಿಬಿಟ್ಟರೆ ಅಪಾಯ ಕಣ್ಣಿಗೆ ಕಾಣುವುದಿಲ್ಲ ಎನ್ನುವುದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಬೇಸಿಗೆಯಲ್ಲಿ ಎಲ್ಲ ಚೆನ್ನಾಗಿರುತ್ತದೆ ಅಂತಲ್ಲ. ಹೊಗೆ ಚದುರುತ್ತದೆ, ಆದರೆ ಜೋರು ಗಾಳಿಗೆ ಅದಿರಿನ ಕೆಂಪು ಧೂಳು ಏಳುತ್ತದೆ. ಮಳೆಗಾಲವೇ ಎಷ್ಟೋ ವಾಸಿ.

ಇನ್ನು ಎಕ್ಯೂಐ, ಅಂದರೆ ಗಾಳಿಯ ಗುಣಮಟ್ಟದ ಸೂಚ್ಯಂಕ, ನೋಡುವವರಿಗೆ ಒಂದು ಮಾತು. ನಮ್ಮ ದೇಶದ ಎಕ್ಯೂಐನಲ್ಲಿ ಧೂಳಿನ ಕಣಗಳ ಲೆಕ್ಕ 24 ಗಂಟೆಯ ಸರಾಸರಿ. ಪಿಎಂ 2.5 ಎನ್ನುವ ತೀರಾ ಸಣ್ಣ ಕಣಗಳಿಗೆ ಇರುವ ಮಿತಿಯೂ ಅಷ್ಟೇ: ಒಂದು ಘನ ಮೀಟರ್ ಗಾಳಿಯಲ್ಲಿ 24 ಗಂಟೆಯ ಸರಾಸರಿ 60 ಮೈಕ್ರೋಗ್ರಾಂ. ಮಧ್ಯಾಹ್ನದ ಒಳ್ಳೆಯ ಗಾಳಿ ಸೇರಿಕೊಂಡು ಬೆಳಗಿನ ಏರಿಕೆ ಈ ಸರಾಸರಿಯಲ್ಲಿ ಮುಚ್ಚಿಹೋಗುತ್ತದೆ. ಸಿಕ್ಕಿದರೆ ಗಂಟೆಗಂಟೆಯ ಅಂಕಿ ನೋಡಿ.

ಬೆಳಗಿನ ಗಾಳಿ ಆರೋಗ್ಯಕ್ಕೆ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ, ಅಲ್ವಾ? ಚಳಿಗಾಲದಲ್ಲಿ ಕಾರ್ಖಾನೆಯ ಊರಿಗೆ ಆ ಮಾತು ಹೊಂದುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ವಾಕಿಂಗ್ ಅನ್ನು ಸಂಜೆ 4ರ ಸುಮಾರಿಗೆ, ಕತ್ತಲಾಗುವ ಮುಂಚೆ ಇಟ್ಟುಕೊಳ್ಳಿ. ಶಾಲೆಗಳು ಓಟದ ಅಭ್ಯಾಸವನ್ನು ಬೆಳಿಗ್ಗೆಯ ಬದಲು ಮಧ್ಯಾಹ್ನದ ಮೇಲೆ ಮಾಡಿಸಬಹುದು. ಅದಿರು, ಕಲ್ಲಿದ್ದಲು ಇಳಿಸುವಂಥ ಧೂಳಿನ ಕೆಲಸವನ್ನೂ ಬೆಳಗಿನ ಜಾವ ಬಿಟ್ಟು ಬಿಸಿಲು ಏರಿದ ಮೇಲೆ, ನೀರು ಚಿಮುಕಿಸಿಕೊಂಡು ಮಾಡಿ ಎಂದು ಊರವರು ಕಾರ್ಖಾನೆಯವರನ್ನು ಕೇಳಬೇಕು.