ಅಮೆರಿಕದ ರಿಸರ್ವ್ ಸೈನಿಕರ ಪೆನ್ಷನ್ ಯಾವಾಗ ಶುರು? 60ಕ್ಕೋ, ಅದಕ್ಕೂ ಮುಂಚೆಯೋ?

ಅಗ್ನಿಪಥ ಬರುವ ಮುಂಚೆ ನಮ್ಮ ಸೇನೆಗೆ ಸೇರಿದ ಜವಾನರು 15 ವರ್ಷ ಸರ್ವಿಸ್ ಮುಗಿಸಿ, ಟ್ರಂಕ್ ಹೊತ್ತುಕೊಂಡು ಊರಿಗೆ ಬಂದರೆ ಕಾಯುವ ಮಾತೇ ಇಲ್ಲ, ಪೆನ್ಷನ್ ಶುರು. ನಮ್ಮ ತಲೆಯಲ್ಲಿ ಕೂತಿರುವ ಲೆಕ್ಕ ಇದೇ. ಇದೇ ಲೆಕ್ಕ ಇಟ್ಟುಕೊಂಡು ಅಮೆರಿಕದ ರಿಸರ್ವ್ ಪೆನ್ಷನ್ ಓದಲು ಕೂತರೆ ಮೊದಲ ಪುಟದಲ್ಲೇ ಎಡವುತ್ತೇವೆ. ನಾನೂ ಎಡವಿದ್ದೆ. ನಮ್ಮ ಭಾವ ಅಲ್ಲಿ ಆರ್ಮಿ ರಿಸರ್ವ್‌ನಲ್ಲಿ ಇದ್ದವರು. 2016ರಲ್ಲಿ "20 ವರ್ಷದ ಪತ್ರ ಬಂತು ಕಣೋ" (ಪೆನ್ಷನ್‌ಗೆ ಬೇಕಾದ 20 ವರ್ಷ ಸೇವೆ ಆಯ್ತು ಅಂತ ತಿಳಿಸೋ ಪತ್ರ) ಅಂತ ಫೋನ್ ಮಾಡಿದಾಗ, "ಹಾಗಾದ್ರೆ ಮುಂದಿನ ತಿಂಗಳಿಂದ ದುಡ್ಡು, ಅಲ್ವಾ ಭಾವ?" ಅಂದೆ. ಜೋರಾಗಿ ನಕ್ಕು, "ಇನ್ನೂ 15 ವರ್ಷ ಕಾಯ್ಬೇಕು" ಅಂದರು. ಆ 15 ವರ್ಷ ಎಲ್ಲಿಂದ ಬಂತು ಅಂತ ಹುಡುಕಿದ್ದರ ಟಿಪ್ಪಣಿ ಇದು.

ಮೊದಲು ರಿಸರ್ವ್ ಅಂದರೆ ಯಾರು ಅಂತ ನೋಡೋಣ. ಇವರು ಮಾಮೂಲಿ ಕೆಲಸ ಮಾಡಿಕೊಂಡು, ತಿಂಗಳಿಗೊಂದು ವೀಕೆಂಡ್ ಡ್ರಿಲ್, ವರ್ಷಕ್ಕೆ ಎರಡು ವಾರ ತರಬೇತಿ, ಕರೆದಾಗ ಯುದ್ಧಕ್ಕೂ ಹೋಗುವವರು. ನ್ಯಾಷನಲ್ ಗಾರ್ಡ್‌ನವರಿಗೂ ಇದೇ ಪೆನ್ಷನ್ ಕಾನೂನು. ಪೂರ್ಣಾವಧಿ ಸೈನಿಕ 18ಕ್ಕೆ ಸೇರಿ 20 ವರ್ಷ ಮುಗಿಸಿದರೆ 38ರಲ್ಲೇ ಪೆನ್ಷನ್ ಕೈಗೆ. ರಿಸರ್ವ್‌ನವರಿಗೂ 20 ವರ್ಷ ಬೇಕು, ಆದರೆ ದುಡ್ಡು 60 ತುಂಬಿದ ಮೇಲೆ. ಈ 60ರ ನಿಯಮ 1948ರ ಕಾನೂನಿನದು.

ಇಲ್ಲಿಂದ ಮುಂದೆ ಗೊಂದಲ ಆಗಬಾರದು ಅಂದರೆ ನೋಟ್‌ಬುಕ್‌ನಲ್ಲಿ ಎರಡು ಖಾತೆ ಬರೆದುಕೊಳ್ಳಿ. ಒಂದು ಮೊತ್ತದ ಖಾತೆ, ಎಷ್ಟು ಬರುತ್ತೆ ಅನ್ನೋದು. ಇನ್ನೊಂದು ವಯಸ್ಸಿನ ಖಾತೆ, ಯಾವಾಗ ಬರುತ್ತೆ ಅನ್ನೋದು. ಒಂದರಲ್ಲಿ ಜಮಾ ಆದ ದಿನ ಇನ್ನೊಂದರಲ್ಲೂ ಜಮಾ ಆಗಲೇಬೇಕು ಅಂತಿಲ್ಲ. ಪರೀಕ್ಷೆಯಲ್ಲಿ ಆಗಲಿ, ಮನೆಯವರ ಫೈಲ್ ನೋಡುವಾಗ ಆಗಲಿ, ತಪ್ಪು ಆಗೋದು ಇವೆರಡನ್ನು ಕಲಸಿದಾಗಲೇ.

ಮೊತ್ತದ ಖಾತೆ ಸುಲಭ. ಇಲ್ಲಿ ಸೇವೆಯನ್ನು ಪಾಯಿಂಟ್‌ಗಳಲ್ಲಿ ಅಳೀತಾರೆ. ಸದಸ್ಯನಾಗಿ ಇದ್ದಿದ್ದಕ್ಕೇ ವರ್ಷಕ್ಕೆ 15 ಪಾಯಿಂಟ್. ನಾಲ್ಕು ಗಂಟೆಯ ಒಂದು ಡ್ರಿಲ್‌ಗೆ 1 ಪಾಯಿಂಟ್, ವೀಕೆಂಡ್‌ನಲ್ಲಿ ಇಂಥವು ನಾಲ್ಕು, ಅಂದರೆ ವರ್ಷಕ್ಕೆ 48. ಸಕ್ರಿಯ ಸೇವೆಯ ದಿನಕ್ಕೆ ತಲಾ 1, ಹಾಗಾಗಿ ಎರಡು ವಾರದ ತರಬೇತಿಗೆ 14 ಅಥವಾ 15. ಎಲ್ಲಾ ಸೇರಿಸಿ 78ರ ಹತ್ತಿರ. ವರ್ಷಕ್ಕೆ ಕನಿಷ್ಠ 50 ಇದ್ದರೆ ಅದು 'ಗುಡ್ ಇಯರ್', ಇಂಥ 20 ಬೇಕು. 49 ಆದರೆ? ಆ 49 ಪಾಯಿಂಟ್ ಒಟ್ಟು ಮೊತ್ತಕ್ಕೆ ಸೇರುತ್ತವೆ, ಆದರೆ ಆ ವರ್ಷ 20ರ ಲೆಕ್ಕಕ್ಕೆ ಬರೋದಿಲ್ಲ. ಒಂದೇ ಒಂದು ಡ್ರಿಲ್ ತಪ್ಪಿದ್ದಕ್ಕೆ ಇಡೀ ವರ್ಷ ಹೋಯ್ತು ಅಂದರೆ ಹೊಟ್ಟೆ ಉರಿಯಲ್ವಾ? ಇನ್ನೊಂದು, ಈ ವರ್ಷ ಜನವರಿಯಿಂದ ಡಿಸೆಂಬರ್ ಅಲ್ಲ, ಅವರವರು ಸೇವೆಗೆ ಸೇರಿದ ತಾರೀಖಿನಿಂದ ಶುರುವಾಗುತ್ತೆ.

ಈಗ ವಯಸ್ಸಿನ ಖಾತೆ. ನಿಧಾನವಾಗಿ ಓದಿ, ಕಷ್ಟ ಇರೋದು ಇಲ್ಲೇ.

ಇರಾಕ್, ಅಫ್ಘಾನಿಸ್ತಾನಗಳಿಗೆ ರಿಸರ್ವ್ ಮತ್ತು ಗಾರ್ಡ್‌ನವರನ್ನು ಮತ್ತೆ ಮತ್ತೆ ಕಳಿಸಿದ ಕಾಲದಲ್ಲಿ, ಇವರಿಗೂ 60ರವರೆಗೆ ಕಾಯಿಸೋದು ಸರಿಯಾ ಅನ್ನೋ ಪ್ರಶ್ನೆ ಎದ್ದಿತು. 2008ರ ಜನವರಿ 28ರಂದು ಜಾರಿಗೆ ಬಂದ ಕಾನೂನು ಒಂದು ರಿಯಾಯಿತಿ ಕೊಟ್ಟಿತು: ಅರ್ಹ ಸಕ್ರಿಯ ಸೇವೆಯ ಪ್ರತಿ 90 ದಿನಕ್ಕೆ 60ರಿಂದ 3 ತಿಂಗಳು ಕಡಿತ. 90 ದಿನ ಒಂದೇ ಸಮನೆ ಇರಬೇಕಾಗಿಲ್ಲ, ಬಿಡಿಬಿಡಿಯಾಗಿ ಕೂಡಿಸಬಹುದು. 89 ದಿನಕ್ಕೆ ಮಾತ್ರ ಏನೂ ಇಲ್ಲ. ಎಷ್ಟೇ ಸೇವೆ ಮಾಡಿದರೂ 50ಕ್ಕಿಂತ ಕೆಳಗೆ ಇಳಿಯೋದಿಲ್ಲ. (50ಕ್ಕೆ ಇಳಿಯಬೇಕಾದರೆ 3,600 ದಿನ ಬೇಕು, ಹತ್ತಿರ ಹತ್ತಿರ ಹತ್ತು ವರ್ಷ. ಅಷ್ಟು ದಿನ ಹೋಗುವವರು ಪೂರ್ಣಾವಧಿಗೇ ಸೇರಬಹುದಿತ್ತು, ಇರಲಿ.)

'ಅರ್ಹ' ಅನ್ನೋ ಪದಕ್ಕೆ ಕೆಂಪು ಗೆರೆ ಎಳೆಯಿರಿ. ವೀಕೆಂಡ್ ಡ್ರಿಲ್ ಇದರಲ್ಲಿ ಇಲ್ಲ. ವರ್ಷದ ಎರಡು ವಾರದ ತರಬೇತಿಯೂ ಇಲ್ಲ. ರಿಸರ್ವ್ ಘಟಕವನ್ನೇ ನಡೆಸಲು ಪೂರ್ಣಾವಧಿ ಕೂತಿರುವ ಎಜಿಆರ್ ಸಿಬ್ಬಂದಿಯ ದಿನಗಳೂ ಇಲ್ಲ. ತನ್ನ ರಾಜ್ಯದ ಪ್ರವಾಹ, ಬಿರುಗಾಳಿಗೆ ಅಂತ ಗವರ್ನರ್ ಕರೆದಾಗ ರಾಜ್ಯದ ಖರ್ಚಿನಲ್ಲಿ ಗಾರ್ಡ್ ಸೈನಿಕ ಮಾಡುವ ಕೆಲಸವೂ ಇಲ್ಲ. ಸೇರೋದು ಮುಖ್ಯವಾಗಿ ಒಕ್ಕೂಟ ಸರ್ಕಾರದ ಕರೆಗೆ ಹೋದ ದಿನಗಳು, ಉದಾಹರಣೆಗೆ ಆರ್ಡರ್ ಹಾಳೆಯಲ್ಲಿ ಸೆಕ್ಷನ್ 12302 ಅಂತಲೋ, ಸ್ವಇಚ್ಛೆಯಿಂದ ಹೋಗಿದ್ದರೆ 12301(ಡಿ) ಅಂತಲೋ ಬರೆದಿರುವವು. ಹಾಗಾಗಿ "ಎಷ್ಟು ದಿನ ಹೋಗಿದ್ರಿ?" ಅಂತ ಕೇಳಿದರೆ ಸಾಲದು, "ಆರ್ಡರ್‌ನಲ್ಲಿ ಯಾವ ಸೆಕ್ಷನ್ ಇದೆ?" ಅಂತಲೂ ಕೇಳಬೇಕು.

ಇನ್ನೊಂದು ಕಹಿ ಸಂಗತಿ. ಆ ಜನವರಿ 28ಕ್ಕಿಂತ ಮುಂಚಿನ ದಿನಗಳಿಗೆ ಕಡಿತ ಇಲ್ಲ. 2003ರಲ್ಲಿ, 2004ರಲ್ಲಿ ಇರಾಕ್‌ನಲ್ಲಿ ಇಡೀ ವರ್ಷ ಕಳೆದವರಿಗೆ ಪಾಯಿಂಟ್ ಸಿಕ್ಕಿತು, ವಯಸ್ಸಿನಲ್ಲಿ ಒಂದು ದಿನವೂ ಇಳಿಯಲಿಲ್ಲ. ನನಗಂತೂ ಇದು ಅನ್ಯಾಯ ಅನ್ನಿಸುತ್ತೆ. ಕಾನೂನು ತಂದಿದ್ದೇ ಇಂಥವರನ್ನು ನೋಡಿ, ಹೊರಗೆ ಉಳಿದಿದ್ದೂ ಅವರೇ.

ಈಗ ಆರ್ಥಿಕ ವರ್ಷದ ಕೊಕ್ಕೆ. ಅಮೆರಿಕ ಸರ್ಕಾರದ ಆರ್ಥಿಕ ವರ್ಷ ಅಕ್ಟೋಬರ್ 1ಕ್ಕೆ ಶುರು, ಸೆಪ್ಟೆಂಬರ್ 30ಕ್ಕೆ ಮುಕ್ತಾಯ. ಮೂಲ ನಿಯಮದಲ್ಲಿ 90 ದಿನ ಒಂದೇ ಆರ್ಥಿಕ ವರ್ಷದೊಳಗೆ ತುಂಬಬೇಕಿತ್ತು. ಭಾವನ ಲೆಕ್ಕವನ್ನೇ ಹಾಕೋಣ. ಅವರು ಹೋಗಿದ್ದು 2012 ಜೂನ್ 1ರಿಂದ 2013 ಮೇ 31ರವರೆಗೆ, ಸರಿಯಾಗಿ 365 ದಿನ. ನಾಲ್ಕು ತೊಂಬತ್ತು 360, ಹಾಗಾದರೆ ಒಂದು ವರ್ಷ ಕಡಿತ ಅಂತ ನಾನು ಥಟ್ಟನೆ ಹೇಳಿದ್ದೆ. ತಪ್ಪು. ಸೆಪ್ಟೆಂಬರ್ 30ರಲ್ಲಿ ಗೆರೆ ಎಳೆಯಿರಿ. ಗೆರೆಯ ಈ ಕಡೆ 122 ದಿನ, ಅದರಲ್ಲಿ ಒಂದು ತೊಂಬತ್ತು, ಮಿಕ್ಕ 32 ವ್ಯರ್ಥ. ಆ ಕಡೆ 243 ದಿನ, ಎರಡು ತೊಂಬತ್ತು, ಮಿಕ್ಕ 63 ವ್ಯರ್ಥ. ಒಟ್ಟು ಮೂರು, ಅಂದರೆ 9 ತಿಂಗಳು. ಮಿಕ್ಕ 32ಕ್ಕೂ 63ಕ್ಕೂ ಕೂಡಿ 95 ಆಗುತ್ತೆ, ಆದರೆ ಕೂಡಿಸೋ ಹಾಗಿರಲಿಲ್ಲ.

ಆಮೇಲೆ ಇದನ್ನು ತಿದ್ದಿದರು. 2014ರ ಸೆಪ್ಟೆಂಬರ್ 30ರ ನಂತರದ ಸೇವೆಯಾದರೆ ಬೆನ್ನುಬೆನ್ನಿಗಿರುವ ಎರಡು ಆರ್ಥಿಕ ವರ್ಷಗಳ ದಿನಗಳನ್ನು ಸೇರಿಸಿ 90 ಮಾಡಬಹುದು. ನೀವೇ ಹಾಕಿ ನೋಡಿ: ಜುಲೈ 15ರಿಂದ ಡಿಸೆಂಬರ್ 15ರವರೆಗೆ ಹೋದವರಿಗೆ ಗೆರೆಯ ಈ ಕಡೆ 78, ಆ ಕಡೆ 76 ದಿನ. 2010ರಲ್ಲಿ ಹೋಗಿದ್ದರೆ ಕಡಿತ ಸೊನ್ನೆ. ಅದೇ ದಿನಗಳು 2015ರಲ್ಲಾದರೆ 154 ದಿನ, 3 ತಿಂಗಳು ಕಡಿತ.

ಭಾವ ಹುಟ್ಟಿದ್ದು 1972 ಆಗಸ್ಟ್ 10. 60 ತುಂಬೋದು 2032 ಆಗಸ್ಟ್ 10ಕ್ಕೆ, 9 ತಿಂಗಳು ಕಳೆದರೆ 2031 ನವೆಂಬರ್ 10. ಫೋನ್‌ನಲ್ಲಿ ಹೇಳಿದ 15 ವರ್ಷ ಇದೇ.

ಎಷ್ಟು ಬರುತ್ತೆ ಅನ್ನೋದನ್ನೂ ಬೇಗ ನೋಡಿಬಿಡೋಣ. ಒಟ್ಟು ಪಾಯಿಂಟ್‌ಗಳನ್ನು 360ರಿಂದ ಭಾಗಿಸಿ, 2.5ರಿಂದ ಗುಣಿಸಿ, ಅಷ್ಟು ಶೇಕಡಾ. 3,000 ಪಾಯಿಂಟ್ ಇದ್ದರೆ 8.33 ವರ್ಷ, ಶೇ 20.83. ಅತಿ ಹೆಚ್ಚಿನ 36 ತಿಂಗಳ ಮೂಲವೇತನದ ಸರಾಸರಿ 5,000 ಡಾಲರ್ ಅಂತಿಟ್ಟುಕೊಂಡರೆ ತಿಂಗಳಿಗೆ ಸುಮಾರು 1,041 ಡಾಲರ್. 2018ರಿಂದ ಬಂದ ಹೊಸ ಪದ್ಧತಿಯವರಿಗೆ 2.5ರ ಬದಲು 2. ವಯಸ್ಸು ಕಡಿತ ಆಯ್ತು ಅಂತ ಈ ಶೇಕಡಾ ಕಡಿಮೆ ಆಗೋದಿಲ್ಲ.

ಪತ್ರ ಬಂದು ಡ್ರಿಲ್ ನಿಲ್ಲಿಸಿ, ಪೆನ್ಷನ್‌ಗೆ ಕಾಯುತ್ತಾ ಕೂತವರಿಗೆ ಅಲ್ಲಿ 'ಗ್ರೇ ಏರಿಯಾ' ನಿವೃತ್ತರು ಅಂತ ಹೆಸರು. ಈ ಕಾಲದಲ್ಲಿ ಮಾಡುವ ದೊಡ್ಡ ತಪ್ಪು, ಸಂಬಂಧವೇ ಬೇಡ ಅಂತ ಪೂರ್ತಿ ಡಿಸ್ಚಾರ್ಜ್ ತಗೊಳ್ಳೋದು. ರಿಟೈರ್ಡ್ ರಿಸರ್ವ್ ಪಟ್ಟಿಯಲ್ಲಿ ಹೆಸರು ಉಳಿಸಿಕೊಂಡರೆ ಪೆನ್ಷನ್ ಶುರುವಾಗುವ ಹೊತ್ತಿನ ವೇತನ ದರ ಸಿಗುತ್ತೆ, ಡಿಸ್ಚಾರ್ಜ್ ಆದರೆ ಬಿಟ್ಟ ದಿನದ ಹಳೇ ದರವೇ ಗತಿ. ಪತ್ರ ಕೈಗೆ ಬಂದ 90 ದಿನದೊಳಗೆ ತನ್ನ ನಂತರ ಹೆಂಡತಿಗೋ ಗಂಡನಿಗೋ ಎಷ್ಟು ಹೋಗಬೇಕು ಅನ್ನೋ ಆಯ್ಕೆಯನ್ನೂ ಬರೆದು ಕೊಡಬೇಕು.

ಆರೋಗ್ಯ ವಿಮೆಯ ಗಡಿಯಾರವೇ ಬೇರೆ. ಪೆನ್ಷನ್ 59ಕ್ಕೋ 57ಕ್ಕೋ ಶುರುವಾದರೂ ನಿವೃತ್ತರ ಟ್ರೈಕೇರ್ (ಅಲ್ಲಿನ ಸೈನಿಕರ ಆರೋಗ್ಯ ವಿಮೆ) ಸಿಗೋದು 60ಕ್ಕೇ. ಅಲ್ಲಿಯವರೆಗೆ ಬೇಕಾದರೆ ಪೂರ್ತಿ ಪ್ರೀಮಿಯಂ ಕಟ್ಟಿ ಟ್ರೈಕೇರ್ ರಿಟೈರ್ಡ್ ರಿಸರ್ವ್ ಕೊಳ್ಳಬಹುದು. ಭಾವನಿಗೆ ಆ 9 ತಿಂಗಳು ಪೆನ್ಷನ್ ಇರುತ್ತೆ, ನಿವೃತ್ತರ ಟ್ರೈಕೇರ್ ಇರಲ್ಲ.

ಕೊನೆಗೆ ಅರ್ಜಿ. ವಯಸ್ಸು ತುಂಬಿತು ಅಂತ ದುಡ್ಡು ತಾನಾಗಿ ಬರೋದಿಲ್ಲ, ಕೇಳಬೇಕು. ಸುಮಾರು 9 ತಿಂಗಳು ಮುಂಚೆ ಕಾಗದ ಪತ್ರ ಹೊಂದಿಸಲು ಶುರುಮಾಡೋದು ಒಳ್ಳೇದು. ಕಡಿತ ಕೇಳುವವರು ಆ ದಿನಗಳ ಆರ್ಡರ್ ಪ್ರತಿ, ಡಿಡಿ 214 (ಸಕ್ರಿಯ ಸೇವೆಯಿಂದ ಬಿಡುಗಡೆಯಾದ ದಾಖಲೆ) ಎಲ್ಲ ಜೊತೆಗೆ ಇಡಬೇಕು. ಭಾವ ಫೋನ್‌ನಲ್ಲಿ 2031 ಫೆಬ್ರವರಿಗೆ ರಿಮೈಂಡರ್ ಹಾಕಿಟ್ಟಿದ್ದಾರೆ. ಅಷ್ಟು ವರ್ಷ ಆ ಫೋನ್ ಎಲ್ಲಿರುತ್ತೆ ಅಂತ ಅಕ್ಕ ಅದೇ ತಾರೀಖನ್ನು ಮಾರ್ಕರ್‌ನಲ್ಲಿ ಫೈಲಿನ ಮೇಲೆ ಬರೆದು, ಆ ಫೈಲನ್ನು ಒಡವೆ ಇಡೋ ಡ್ರಾಯರ್‌ಗೆ ಸೇರಿಸಿದ್ದಾಳೆ.