ವಿಷ ಇಳಿದ ಮೇಲೂ ಉಳಿಯುವುದು

ಕೀಟನಾಶಕ ಮೈಗೇರಿ ಆಸ್ಪತ್ರೆ ಸೇರಿದವರನ್ನು ಮನೆಗೆ ಕಳಿಸುವ ಮುನ್ನ ನೋಡುವುದು ಮೂರು ಸಂಗತಿ. ಬೆವರು, ಜೊಲ್ಲು ನಿಂತಿವೆಯೇ? ಉಸಿರಾಟ ಸಲೀಸಾಗಿದೆಯೇ? ಸಾಸಿವೆ ಕಾಳಿನಷ್ಟಾಗಿದ್ದ ಕಣ್ಣಿನ ಪಾಪೆ ಮೊದಲಿನಂತಾಗಿದೆಯೇ? ಇಷ್ಟಾದರೆ ವಿಷ ಇಳಿಯಿತು ಎಂದು ಲೆಕ್ಕ. ವಾರಗಳ ನಂತರ ಕಾಡುವ ಮರೆವು, ನಿದ್ದೆಗೇಡು, ಸಣ್ಣದಕ್ಕೂ ಸಿಡುಕು, ಮಂಕು ಈ ಲೆಕ್ಕಕ್ಕೆ ಬರಲು ದಶಕಗಳೇ ಹಿಡಿದವು. ಬಂದದ್ದು ಇನ್ನೂ ಅರೆಬರೆ.

ಆರ್ಗನೊಫಾಸ್ಫೇಟ್ ಎಂಬ, ರಂಜಕ ಸೇರಿದ ಈ ವಿಷಗಳ ಹುಟ್ಟಿನಲ್ಲೇ ಅಪಾಯದ ಸುಳಿವಿತ್ತು. 1936ರ ಡಿಸೆಂಬರ್‌ನಲ್ಲಿ ಜರ್ಮನಿಯ ಐ.ಜಿ. ಫಾರ್ಬೆನ್ ಕಂಪನಿಯ ಗೆರ್ಹಾರ್ಡ್ ಶ್ರಾಡರ್ ಹೊಸ ಕೀಟನಾಶಕ ಹುಡುಕುತ್ತಾ ಟಾಬುನ್ ಎಂಬ ರಾಸಾಯನಿಕ ತಯಾರಿಸಿದರು. ಮುಂದಿನ ತಿಂಗಳು ಅದರ ಒಂದು ಹನಿ ಮೇಜಿನ ಮೇಲೆ ಚೆಲ್ಲಿತು. ಅವರಿಗೂ ಸಹಾಯಕನಿಗೂ ಪಾಪೆ ಕುಗ್ಗಿ, ಉಸಿರು ಕಟ್ಟಿತು. ಚೇತರಿಸಿಕೊಳ್ಳಲು ಮೂರು ವಾರ ಬೇಕಾಯಿತು. ಟಾಬುನ್ ಯುದ್ಧಾಸ್ತ್ರವಾಯಿತು. ಅದೇ ಕುಟುಂಬದ ಪ್ಯಾರಾಥಿಯಾನ್ ಎರಡನೇ ಮಹಾಯುದ್ಧ ಮುಗಿದ ಮೇಲೆ ಹೊಲಕ್ಕಿಳಿಯಿತು.

ಹುಳುವಿನ ನರವೂ ಮನುಷ್ಯನ ನರವೂ ಸಂದೇಶ ದಾಟಿಸಲು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬಳಸುತ್ತವೆ. ಕೆಲಸ ಮುಗಿದೊಡನೆ ಅದನ್ನು ಕತ್ತರಿಸಿ ಹಾಕುವ ಕಿಣ್ವ ಕೋಲಿನೆಸ್ಟರೇಸ್. ಆರ್ಗನೊಫಾಸ್ಫೇಟ್ ಈ ಕಿಣ್ವಕ್ಕೆ ಅಂಟಿಕೊಂಡರೆ ಸಂದೇಶ ನಿಲ್ಲುವುದೇ ಇಲ್ಲ. ಅಟ್ರೋಪಿನ್ ಎಂಬ ಔಷಧಿ ಆ ಗದ್ದಲದಿಂದ ಶ್ವಾಸಕೋಶವನ್ನೂ ಹೃದಯವನ್ನೂ ಕಾಪಾಡುತ್ತದೆ, ಆದರೆ ಕಿಣ್ವವನ್ನು ಬಿಡಿಸುವುದಿಲ್ಲ. ಬಿಡಿಸಬಲ್ಲದ್ದು ಪ್ರಾಲಿಡಾಕ್ಸಿಮ್ ಎಂಬ ಇನ್ನೊಂದು ಔಷಧಿ, ಅದೂ ಹಿಡಿತ ಗಟ್ಟಿಯಾಗುವ ಮೊದಲು ಕೊಟ್ಟರೆ. ಡೈಮಿಥೈಲ್ ಗುಂಪಿನ ವಿಷವಾದರೆ ಹಿಡಿದ ಕಿಣ್ವದ ಅರ್ಧ ಭಾಗ ಸುಮಾರು 3.7 ಗಂಟೆಯಲ್ಲೇ ಕೈತಪ್ಪುತ್ತದೆ, ಡೈಈಥೈಲ್ ಗುಂಪಿನದಾದರೆ ಸುಮಾರು 33 ಗಂಟೆಯಲ್ಲಿ. ರೋಗಿಯ ಜೊತೆ ಬಾಟಲಿಯ ಲೇಬಲ್ಲನ್ನೂ ತನ್ನಿ ಎಂದು ವೈದ್ಯರು ಕೇಳುವುದು ಇದಕ್ಕೇ.

ಮನಸ್ಸಿನ ಮೇಲಿನ ಪರಿಣಾಮದ ಬಗ್ಗೆ ಎಚ್ಚರಿಕೆ ಬಂದದ್ದು 1961ರಲ್ಲಿ, ಆಸ್ಟ್ರೇಲಿಯಾದಿಂದ. ಗರ್ಶಾನ್ ಮತ್ತು ಶಾ ಎಂಬ ಸಂಶೋಧಕರು ಈ ವಿಷಗಳೊಡನೆ ದೀರ್ಘಕಾಲ ಕೆಲಸ ಮಾಡಿದ 16 ಜನರಲ್ಲಿ ಖಿನ್ನತೆ, ಸ್ಕಿಜೋಫ್ರೇನಿಯಾದಂಥ ಲಕ್ಷಣ, ನೆನಪಿನ ಕುಂದು ಕಂಡದ್ದನ್ನು ವರದಿ ಮಾಡಿದರು. ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲ. ಆ ಕೊರತೆ ನಿಜ, ಆದರೆ ಉತ್ತರ ಹುಡುಕದಿರಲು ಅದು ಕಾರಣವಾಗಬಾರದಿತ್ತು. 1995ರಲ್ಲಿ ಬ್ರಿಟನ್ನಿನಲ್ಲಿ ಹೋಲಿಕೆಯೂ ನಡೆಯಿತು. ಕುರಿಗಳನ್ನು ಆರ್ಗನೊಫಾಸ್ಫೇಟ್ ಬೆರೆಸಿದ ನೀರಿನಲ್ಲಿ ಅದ್ದಿಸುತ್ತಿದ್ದ 146 ಕುರಿಗಾಹಿಗಳನ್ನು 143 ಕಲ್ಲುಗಣಿ ಕಾರ್ಮಿಕರ ಪಕ್ಕ ಇಟ್ಟು ನೋಡಿದಾಗ, ಗಮನ ಹಿಡಿದಿಡುವುದರಲ್ಲೂ ವಿಷಯ ಗ್ರಹಿಸುವ ವೇಗದಲ್ಲೂ ಕುರಿಗಾಹಿಗಳು ಹಿಂದೆ ಬಿದ್ದಿದ್ದರು.

ಮಕ್ಕಳ ಕಥೆ ಇನ್ನೂ ಮನಕಲಕುವಂಥದ್ದು. ಮೆಕ್ಸಿಕೊದ ಸೊನೊರಾ ರಾಜ್ಯದ ಯಾಕಿ ಕಣಿವೆಯಲ್ಲಿ ರೈತರು 1940ರ ದಶಕದ ಕೊನೆಯಿಂದ ಕೀಟನಾಶಕ ಬಳಸತೊಡಗಿದರು, ಪಕ್ಕದ ಬೆಟ್ಟದ ತಪ್ಪಲಿನವರು ದೂರವಿಟ್ಟರು. ಎರಡೂ ಕಡೆ ಒಂದೇ ಜನಾಂಗ, ಹೆಚ್ಚುಕಮ್ಮಿ ಒಂದೇ ಊಟ. 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಲಿಜಬೆತ್ ಗಿಯೆಟ್ ಮತ್ತು ಸಂಗಡಿಗರು ಕಣಿವೆಯ 33, ತಪ್ಪಲಿನ 17 ಮಕ್ಕಳಿಗೆ ಆಟದಂಥ ಪರೀಕ್ಷೆ ಕೊಟ್ಟರು. ಚೆಂಡು ಹಿಡಿಯುವುದು, ಬಾಟಲಿಯ ಮುಚ್ಚಳದೊಳಕ್ಕೆ ಒಣದ್ರಾಕ್ಷಿ ಬೀಳಿಸುವುದು, ಅರ್ಧ ಗಂಟೆ ಹಿಂದೆ ಹೇಳಿದ ಉಡುಗೊರೆ ಯಾವುದೆಂದು ನೆನಪಿಸಿಕೊಳ್ಳುವುದು, ಒಬ್ಬ ಮನುಷ್ಯನ ಚಿತ್ರ ಬರೆಯುವುದು. ತಪ್ಪಲಿನ ಮಕ್ಕಳ ಕಾಗದದಲ್ಲಿ ತಲೆ, ಕಣ್ಣು, ಕೈಕಾಲು ಮೂಡಿದವು. ಅದೇ ವಯಸ್ಸಿನ ಕಣಿವೆಯ ಅನೇಕ ಮಕ್ಕಳ ಕಾಗದದಲ್ಲಿ ಬರೀ ಸುತ್ತುಗೆರೆ. ಕಣಿವೆಯ ಕೆಲವು ಮಕ್ಕಳು ಹಾದುಹೋಗುವ ಒಡಹುಟ್ಟಿದವರಿಗೆ ಹೊಡೆಯುತ್ತಿದ್ದರು, ಅಪ್ಪ ಅಮ್ಮನ ಸಣ್ಣ ತಿದ್ದುಪಡಿಗೂ ಸಿಟ್ಟಾಗುತ್ತಿದ್ದರು. ಮಕ್ಕಳ ಸಂಖ್ಯೆ ಕಡಿಮೆ; ಒಂದೊಂದು ಮಗುವಿನ ಮೈಗೆ ಎಷ್ಟು ವಿಷ ಸೇರಿತ್ತೆಂಬ ಅಳತೆಯೂ ಇರಲಿಲ್ಲ.

ಆ ಅಳತೆ ಸಿಕ್ಕಿದ್ದು ಕ್ಯಾಲಿಫೋರ್ನಿಯಾದ ಸಲಿನಾಸ್ ಕಣಿವೆಯಲ್ಲಿ. ಬಸುರಿಯರ ಮೂತ್ರದಲ್ಲಿ ಆರ್ಗನೊಫಾಸ್ಫೇಟ್‌ನ ಶೇಷ ಎಷ್ಟಿದೆಯೆಂದು ನೋಡಿ, ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. 2011ರ ವರದಿಯಂತೆ ತಾಯಿಯಲ್ಲಿ ಆ ಪ್ರಮಾಣ ಹತ್ತು ಪಟ್ಟು ಹೆಚ್ಚಿದ್ದರೆ ಏಳನೇ ವಯಸ್ಸಿನಲ್ಲಿ ಮಗುವಿನ ಐಕ್ಯೂ ಸರಾಸರಿ 5.5 ಅಂಕ ಕಡಿಮೆ. ಈ ತಾಯಂದಿರು ವಿಷವೇರಿ ಆಸ್ಪತ್ರೆ ಸೇರಿದವರಲ್ಲ, ಎಂದಿನಂತೆ ಬಾಳುತ್ತಿದ್ದವರು.

ಕೈ ನಡುಗಿಸಿ ಮೈ ಮರಗಟ್ಟಿಸುವ ಪಾರ್ಕಿನ್ಸನ್ ಕಾಯಿಲೆಯ ಎಳೆ ಬೇರೆ ದಾರಿಯಿಂದ ಬಂತು. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೃತಕ ಹೆರಾಯಿನ್ ಚುಚ್ಚಿಕೊಂಡ ಕೆಲವು ಯುವಜನರ ಮೈ ಇದ್ದಕ್ಕಿದ್ದಂತೆ ಮರಗಟ್ಟಿತು. ಅದರಲ್ಲಿದ್ದ ಎಂಪಿಟಿಪಿ ಎಂಬ ರಾಸಾಯನಿಕ ದೇಹದೊಳಗೆ ತಾಳುವ ರೂಪ ಪ್ಯಾರಾಕ್ವಾಟ್ ಎಂಬ ಕಳೆನಾಶಕವನ್ನೇ ಹೋಲುತ್ತದೆ. 2000ದಲ್ಲಿ ರೊಟೆನೋನ್ ಎಂಬ ಕೀಟನಾಶಕ ಕೊಟ್ಟ ಇಲಿಗಳಲ್ಲಿ ಪಾರ್ಕಿನ್ಸನ್ ಲಕ್ಷಣ ಕಂಡವು. ಪ್ಯಾರಾಕ್ವಾಟ್, ರೊಟೆನೋನ್ ಎರಡರಲ್ಲಿ ಒಂದನ್ನು ಬಳಸಿದವರಲ್ಲಿ ಕಾಯಿಲೆ ಸುಮಾರು 2.5 ಪಟ್ಟು ಹೆಚ್ಚೆಂದು 2011ರ ಅಮೆರಿಕನ್ ಅಧ್ಯಯನ ತೋರಿಸಿತು. ಮರುವರ್ಷ ಫ್ರಾನ್ಸ್ ಇದನ್ನು ಕೃಷಿಕರ ವೃತ್ತಿ ಕಾಯಿಲೆ ಎಂದು ಒಪ್ಪಿತು.

ಸಿಂಪಡಿಸುವವರು ಮೂಗು ಮುಚ್ಚಿಕೊಂಡರೆ ಸಾಕೆಂದುಕೊಳ್ಳುತ್ತಾರೆ. ನಿಜವಾದ ಬಾಗಿಲು ಚರ್ಮ. ಪ್ಯಾರಾಥಿಯಾನ್ ಸವರಿ ಅಳೆದಾಗ ಮೊಣಕೈ ಕೆಳಗಿನ ತೋಳಿನಲ್ಲಿ ಶೇ. 8.6ರಷ್ಟು ಒಳಸೇರಿದರೆ ಹಣೆಯಲ್ಲಿ ಶೇ. 36, ಕಂಕುಳಲ್ಲಿ ಶೇ. 64, ವೃಷಣದ ಚರ್ಮದಲ್ಲಿ ಬಹುತೇಕ ಪೂರ್ತಿ. ತೊಡೆಸಂದಿಯ ಬಟ್ಟೆ ನೆನೆದರೆ ಕೆಲಸ ಬಿಟ್ಟು ಆಗಲೇ ಸೋಪು ಹಚ್ಚಿ ತೊಳೆಯಬೇಕು. ತೊಗಲಿನ ಬೆಲ್ಟು, ಚಪ್ಪಲಿ ಹೀರಿದ ವಿಷ ತೊಳೆದರೂ ಹೋಗದು, ಎಸೆಯುವುದೇ ಸರಿ.

ರಕ್ತದ ಕೋಲಿನೆಸ್ಟರೇಸ್ ಪರೀಕ್ಷೆಯಲ್ಲಿ ಆಗುವ ಒಂದು ತಪ್ಪು ಇದು: ಸಿಂಪಡಣೆ ಶುರುವಾದ ಮೇಲೆ ಮೊದಲ ಸಲ ಅಳೆಯುವುದು. ಸಹಜ ಮಟ್ಟ ಒಬ್ಬರಿಂದೊಬ್ಬರಿಗೆ ಎಷ್ಟು ಬದಲೆಂದರೆ, ಮೊದಲೇ ಹೆಚ್ಚಿದ್ದವರಲ್ಲಿ ಮೂರನೇ ಒಂದು ಭಾಗ ಕುಸಿದರೂ ವರದಿ ‘ನಾರ್ಮಲ್’ ಎನ್ನುತ್ತದೆ. ಕನಿಷ್ಠ 30 ದಿನ ವಿಷದಿಂದ ದೂರವಿದ್ದಾಗಿನ ಮಟ್ಟ ಕೈಯಲ್ಲಿರಬೇಕು. ಕ್ಯಾಲಿಫೋರ್ನಿಯಾದ ನಿಯಮದಂತೆ ಕೆಂಪು ರಕ್ತಕಣದ ಕಿಣ್ವ ಆ ಮಟ್ಟದ ಶೇ. 70ಕ್ಕೆ ಇಳಿದರೆ ಕೆಲಸದಿಂದ ತೆಗೆಯಬೇಕು, ಶೇ. 80ಕ್ಕೆ ಏರಿದ ಮೇಲಷ್ಟೇ ಮರಳಿಸಬೇಕು. ಈ ಅಂಕಿಯಲ್ಲಿ ಸಿಡುಕೂ ಮರೆವೂ ಕಾಣಿಸವು. ಅವು ಮೊದಲು ಮನೆಯವರ ಗಮನಕ್ಕೆ ಬರುವುದರಿಂದ, ಆಸ್ಪತ್ರೆಯಿಂದ ಮನೆಗೆ ಹೋದ ಒಂದು, ಮೂರು, ಆರನೇ ತಿಂಗಳಲ್ಲಿ ಅವರನ್ನೂ ಕೂರಿಸಿಕೊಂಡು ಕೇಳಿ ಬರೆದಿಡಬೇಕು.